ಸೆಲೆಕ್ಷನ್ ಮುಗಿದ ಮೇಲೂ ಓಡುವವರು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕುಗಳ ಯಾವುದೇ ಊರಿನಲ್ಲಿ ಬೆಳಗಿನ ಜಾವ ಹುಡುಗನೊಬ್ಬ ಓಡುತ್ತಿರುವುದು ಕಂಡರೆ, ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟವರು ಕೇಳುವ ಪ್ರಶ್ನೆ ಒಂದೇ: "ಪೊಲೀಸಿಗೋ, ಮಿಲಿಟ್ರಿಗೋ?" ಮೂರನೆಯ ಉತ್ತರವೊಂದು ಇರಬಹುದೆಂದು ಕೇಳಿದವರಿಗೂ ಹೊಳೆಯುವುದಿಲ್ಲ, ಓಡುವವನಿಗೂ ಹೊಳೆಯುವುದಿಲ್ಲ. ಐವತ್ತು ದಾಟಿದವರು ಓಡಿದರೆ ಪ್ರಶ್ನೆ ಬದಲಾಗುತ್ತದೆ: "ಯಾಕಣ್ಣ, ಬಸ್ಸು ತಪ್ಪೋಯ್ತಾ?" ಹೆಣ್ಣುಮಗಳು ಓಡಿದರೆ ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಅವಳ ಅಪ್ಪನನ್ನು ಕೇಳುತ್ತಾರೆ.

ಈ ಉಪನ್ಯಾಸ ಆ ಮೂರನೆಯ ಉತ್ತರದ ಬಗ್ಗೆ. ದತ್ತಿ ಉಪನ್ಯಾಸಕ್ಕೆ ಇದೆಂಥ ವಿಷಯ ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪಲ್ಲ. ಹೊಸಹೊಳಲಿನ ಹೊಯ್ಸಳ ಶಿಲ್ಪವಿದೆ, ಮೇಲುಕೋಟೆಯ ರಾಮಾನುಜರಿದ್ದಾರೆ, ಟಿಪ್ಪುವಿನ ರಾಕೆಟ್ಟಿದೆ, ಕನ್ನಂಬಾಡಿ ಕಟ್ಟೆಯಿದೆ. ಈ ಸೀಮೆಯಲ್ಲಿ ಉಪನ್ಯಾಸಕ್ಕೆ ವಸ್ತುವಿನ ಬರ ಎಂದೂ ಇಲ್ಲ. ಆದರೆ ಅವೆಲ್ಲ ಜನ ಆಗೊಮ್ಮೆ ಈಗೊಮ್ಮೆ ನೋಡುವ ಸಂಗತಿಗಳು. ಊರೂರಿನ ಹರೆಯದ ಮಕ್ಕಳು ದಿನಾ ಎದ್ದು ಮಾಡುವ ಕೆಲಸವೊಂದನ್ನು ಮಾತ್ರ ಯಾರೂ ನಿಂತು ನೋಡಿಲ್ಲ.

ಮೊದಲು ಲೆಕ್ಕ. ಕರ್ನಾಟಕ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. ಹೆಂಗಸರಿಗೆ 400 ಮೀಟರ್, 2 ನಿಮಿಷ. 2022ರಲ್ಲಿ ಶುರುವಾದ ಅಗ್ನಿವೀರ ನೇಮಕಾತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದವರಿಗೆ ಪೂರ್ತಿ 60 ಅಂಕ. ಅಂದರೆ 400 ಮೀಟರಿನ ಮೈದಾನದಲ್ಲಿ ನಾಲ್ಕು ರೌಂಡು. ಪೊಲೀಸಿಗಾದರೆ ರೌಂಡಿಗೆ ಸುಮಾರು 97 ಸೆಕೆಂಡು, ಸೈನ್ಯಕ್ಕಾದರೆ 82. ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣದಿಂದ ಹಿಡಿದು ಹೋಬಳಿ ಹೈಸ್ಕೂಲಿನ ಗ್ರೌಂಡಿನವರೆಗೆ ಎಲ್ಲರ ಬಾಯಲ್ಲೂ ಓಡಾಡುವ 'ಟೈಮಿಂಗ್' ಎಂಬುದು ಇದೇ.

ಈ ಟೈಮಿಂಗ್ ಹಿಂದೆ ಬಿದ್ದವರು ಓಡುವ ರೀತಿಯನ್ನು ಗಮನಿಸಬೇಕು. ನೋಟಿಫಿಕೇಶನ್ ಬಂದ ಮೇಲೆ ಶುರು. ಮೊದಲ ದಿನವೇ 1600 ಮೀಟರ್, ಇರುವ ದಮ್ಮನ್ನೆಲ್ಲ ಹಾಕಿ. ಮೊದಲ ರೌಂಡು ಕುದುರೆ ಓಟ, ಮೂರನೆಯದರಲ್ಲಿ ಪಕ್ಕೆ ಹಿಡಿತ, ನಾಲ್ಕನೆಯದನ್ನು ಮುಗಿಸಿದರೆ ದೇವರ ದಯೆ. ಮರುದಿನ ಮತ್ತೆ ಅದೇ. ಮೂರನೇ ವಾರದ ಹೊತ್ತಿಗೆ ಮೊಣಕಾಲ ಕೆಳಗಿನ ಮುಂಗಾಲ ಮೂಳೆಯಲ್ಲಿ ನೋವು ಬರುತ್ತದೆ. ಇದಕ್ಕೆ ಕಾರಣ ಸರಳ. ಹೃದಯ, ಶ್ವಾಸಕೋಶ, ಸ್ನಾಯುಗಳು ಹೊಸ ಕೆಲಸಕ್ಕೆ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಮೂಳೆಗೂ ಸ್ನಾಯುರಜ್ಜುಗಳಿಗೂ ತಿಂಗಳುಗಳೇ ಬೇಕು. ದಮ್ಮು ಬಂದಿದೆ ಎಂದು ಹುಡುಗ ವೇಗ ಹೆಚ್ಚಿಸುತ್ತಾನೆ, ಮೂಳೆ ಇನ್ನೂ ಹಿಂದೆಯೇ ಇರುತ್ತದೆ. ಒಂದೇ ದಿನ ತೂಬು ಎತ್ತಿ ಕೆರೆ ನೀರನ್ನೆಲ್ಲ ಗದ್ದೆಗೆ ಬಿಟ್ಟವನು ಬೆಳೆ ತೆಗೆದ ಉದಾಹರಣೆ ಈ ನೀರಾವರಿ ಸೀಮೆಯಲ್ಲಿ ಇಲ್ಲ.

ಆಮೇಲೆ ನಡೆಯುವುದು ಇನ್ನೂ ಬೇಸರದ್ದು. ಸೆಲೆಕ್ಷನ್ ಆಗದವನು ಓಟ ನಿಲ್ಲಿಸುತ್ತಾನೆ; ಆದವನೂ ತರಬೇತಿ ಮುಗಿಸಿ ಠಾಣೆಗೆ ಹೋದ ಮೇಲೆ ನಿಲ್ಲಿಸುತ್ತಾನೆ. ಒಬ್ಬನಿಗೆ ಓಟ ಸೋಲಿನ ನೆನಪು, ಇನ್ನೊಬ್ಬನಿಗೆ ತೀರಿಸಿದ ಸಾಲ. ಇಬ್ಬರಿಗೂ ಓಟದ ಸುಖ ಏನೆಂದು ಗೊತ್ತಾಗುವುದೇ ಇಲ್ಲ, ಏಕೆಂದರೆ ಅದು ಸಿಗುವಷ್ಟು ನಿಧಾನವಾಗಿ ಅವರು ಒಂದು ದಿನವೂ ಓಡಿರುವುದಿಲ್ಲ.

ಹಾಗಾದರೆ ಹೇಗೆ ಓಡಬೇಕು? ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದ ಕಾಲದಲ್ಲೇ ಇದಕ್ಕೆ ಉತ್ತರ ಗೊತ್ತಿತ್ತು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನ ಜೊತೆ ಈ ಭಾಗದವರು ನೆನೆಯುವುದು ಚಿಕ್ಕದೇವರಾಯ ಸಾಗರ ನಾಲೆಯನ್ನು. ಅವರು ನೆಲೆಗೊಳಿಸಿದ ಇನ್ನೊಂದು ವ್ಯವಸ್ಥೆ ಮೈಸೂರಿನ ಅಂಚೆ. ಪತ್ರ ಸಾಗಿಸುವುದರ ಜೊತೆಗೆ ಊರೂರಿನ ಗುಟ್ಟಿನ ಸುದ್ದಿಯನ್ನು ಅರಮನೆಗೆ ಮುಟ್ಟಿಸುವುದೂ ಅದರ ಕೆಲಸವಾಗಿತ್ತು. 1889ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನವಾಗುವವರೆಗೆ, ಅಂದರೆ ಹತ್ತಿರ ಹತ್ತಿರ ಇನ್ನೂರು ವರ್ಷ, ಅದು ಸಂಸ್ಥಾನದ ಸ್ವಂತ ಅಂಚೆಯಾಗಿ ನಡೆಯಿತು. ರೈಲು, ಮೋಟಾರು ಬರುವ ಮೊದಲು ಅಂಚೆ ಸಾಗುತ್ತಿದ್ದುದು ಮನುಷ್ಯನ ಕಾಲಿನ ಮೇಲೆ.

ಅಂಚೆಯಾಳು ಒಬ್ಬನೇ ರಾಜಧಾನಿಯಿಂದ ಗಡಿಯವರೆಗೆ ಓಡುತ್ತಿರಲಿಲ್ಲ. ಭಾರತದ ಅಂಚೆ ಓಟದ ಪದ್ಧತಿಯೇ ಸರದಿಯದು. ಹೆಗಲ ಮೇಲೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು, ಕೆಲವು ಮೈಲಿಗಳ ಪಾಲು. ಅಲ್ಲಿಗೆ ಮುಟ್ಟಿದರೆ ಇನ್ನೊಬ್ಬ ಕಾದಿರುತ್ತಾನೆ. ಅಂಚೆಯಾಳಿನ ಯೋಗ್ಯತೆಯನ್ನು ಅಳೆಯುತ್ತಿದ್ದುದು ಒಂದು ದಿನದ ವೇಗದಿಂದಲ್ಲ. ಮಳೆಗಾಲದಲ್ಲಿ, ಬೇಸಿಗೆಯಲ್ಲಿ, ನಾಳೆ, ನಾಡಿದ್ದು, ಬರುವ ವರ್ಷವೂ ಅವನು ಅದೇ ಹಾದಿಯಲ್ಲಿ ಬರುತ್ತಾನೆಯೇ ಎಂಬುದರಿಂದ. ಇಂದು ಪೂರ್ತಿ ದಣಿದು ಬಿದ್ದರೆ ನಾಳೆಯ ಚೀಲ ನಿಂತುಹೋಗುತ್ತದೆ. ಆದ್ದರಿಂದ ನಾಳೆಗೆ ಉಳಿಸಿಕೊಂಡು ಓಡುವುದೇ ಅವನ ವೃತ್ತಿಧರ್ಮ. ಛಲ ಎಂದರೆ ಹಲ್ಲು ಕಚ್ಚಿ ಓಡುವುದು ಎಂದು ಈಗಿನ ಸ್ಫೂರ್ತಿ ಭಾಷಣಗಳು ಹೇಳುತ್ತವೆ. ಅಂಚೆಯಾಳನ್ನು ಕೇಳಿದ್ದರೆ ಬೇರೆ ಮಾತು ಹೇಳುತ್ತಿದ್ದ.

ನಾಳೆಗೆ ಉಳಿಸಿಕೊಂಡು ಓಡುವ ಈ ಪಾಠವನ್ನೇ ಆಧುನಿಕ ಕಾಲದಲ್ಲಿ ಹೇಳಿಕೊಟ್ಟವರು ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್. ಒಲಿಂಪಿಕ್ ಚಿನ್ನ ಗೆದ್ದ ಓಟಗಾರರನ್ನು ತಯಾರು ಮಾಡಿದ ಅವರು, ತಮ್ಮ ಶಿಷ್ಯರನ್ನು ವರ್ಷದ ಹೆಚ್ಚಿನ ಕಾಲ ದೂರ ಓಡಿಸುತ್ತಿದ್ದರೇ ಹೊರತು ದಿನಾ ಜೋರು ಓಡಿಸುತ್ತಿರಲಿಲ್ಲ. 1960ರ ದಶಕದ ಆರಂಭದಲ್ಲಿ ಆಕ್ಲೆಂಡ್ ನಗರದ ಮಧ್ಯವಯಸ್ಸಿನವರನ್ನು, ಅವರಲ್ಲಿ ಹೃದಯದ ತೊಂದರೆ ಇದ್ದವರನ್ನೂ, ಗುಂಪಾಗಿ ಮಾತಾಡುತ್ತ ಓಡುವ ಅಭ್ಯಾಸಕ್ಕೆ ಹಚ್ಚಿದರು. 1962ರ ಕೊನೆಯಲ್ಲಿ ಅಲ್ಲಿಗೆ ಹೋದ ಅಮೆರಿಕದ ಹೆಸರಾಂತ ಕೋಚ್ ಬಿಲ್ ಬೋವರ್‌ಮನ್ ಆ ಗುಂಪಿನ ಜೊತೆ ಓಡಿ ಏದುಸಿರು ಬಿಟ್ಟರು. ಹಿಂದೆ ಬಿದ್ದ ಅವರ ಜೊತೆಗೇ ಉಳಿದು ಮಾತಾಡಿಸುತ್ತ ಕರೆತಂದವರು ಎಪ್ಪತ್ತು ದಾಟಿದ, ಹೃದಯಾಘಾತದಿಂದ ಚೇತರಿಸಿಕೊಂಡಿದ್ದ ಒಬ್ಬ ಮುದುಕರು. ಬೋವರ್‌ಮನ್ ಊರಿಗೆ ಮರಳಿ ಜಾಗಿಂಗ್ ಬಗ್ಗೆ ಪುಸ್ತಕ ಬರೆದರು. ಅಮೆರಿಕದಲ್ಲಿ ಅದು ದೊಡ್ಡ ಗೀಳಾಯಿತು.

ಹೀಗೆ ಓಡುವುದಕ್ಕೆ ಅಳತೆ ಸರಳ: ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ ಎಂದು ಅರ್ಥ. ಆಗದಿದ್ದರೆ ನಿಧಾನಿಸಬೇಕು, ನಡೆಯಬೇಕಾಗಿ ಬಂದರೆ ನಡೆಯಬೇಕು. ಈ ಅಳತೆಗೆ ಸಾವಿರಾರು ರೂಪಾಯಿಯ ಕೈಗಡಿಯಾರ ಬೇಡ, ಮಾತಾಡಲು ಒಬ್ಬ ಗೆಳೆಯ ಸಾಕು. ಮಂಡ್ಯ ಸೀಮೆಯಲ್ಲಿ ಮಾತಿಗೆ ಕೊರತೆಯಂತೂ ಇಲ್ಲ.

ಸುಖದ ಮಾತಿಗೆ ಬರೋಣ. ಅರ್ಧ ಮುಕ್ಕಾಲು ಗಂಟೆ ಹೀಗೆ ಓಡಿದವರಿಗೆ ಮೈ ಹಗುರಾಗುತ್ತದೆ, ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದ ಚಿಂತೆ ಸುಮ್ಮನಾಗುತ್ತದೆ. ಇದು ಎಂಡಾರ್ಫಿನ್‌ನ ಕೆಲಸ ಎಂದು ಬಹಳ ಕಾಲ ನಂಬಲಾಗಿತ್ತು. ಜರ್ಮನಿಯ ಸಂಶೋಧಕರು 2015ರಲ್ಲಿ ಇಲಿಗಳ ಮೇಲೆ, 2021ರಲ್ಲಿ 63 ಜನರ ಮೇಲೆ ಪ್ರಯೋಗ ಮಾಡಿ ಬೇರೆಯದನ್ನು ಕಂಡರು. ಎಂಡಾರ್ಫಿನ್ ಕೆಲಸ ಮಾಡದಂತೆ ಔಷಧ ಕೊಟ್ಟು 45 ನಿಮಿಷ ಓಡಿಸಿದರೂ ಜನರಿಗೆ ಆ ಹಿತ ಬಂದೇ ಬಂತು, ಆತಂಕ ಇಳಿದೇ ಇಳಿಯಿತು. ಈಗ ಅನುಮಾನ ಹೆಚ್ಚಾಗಿ ಹೋಗುತ್ತಿರುವುದು ದೇಹ ತಾನೇ ತಯಾರಿಸುವ ಆನಂದಮೈಡ್‌ನಂಥ ಇನ್ನೊಂದು ಬಗೆಯ ರಾಸಾಯನಿಕಗಳ ಕಡೆಗೆ. 1992ರಲ್ಲಿ ಪತ್ತೆಯಾದ ಆನಂದಮೈಡ್‌ಗೆ ವಿಜ್ಞಾನಿಗಳು ಸಂಸ್ಕೃತದಿಂದ ಹೆಸರು ತೆಗೆದುಕೊಂಡರು. ಕಾರಣ ಯಾವುದೇ ಇರಲಿ, ಆರೂವರೆ ನಿಮಿಷದಲ್ಲಿ ಸತ್ತು ಬದುಕಿ ಬಂದವನಿಗೆ ಈ ಹಿತ ಸಿಗುವುದು ಕಷ್ಟ.

ಆರೋಗ್ಯದ ಲಾಭವನ್ನು ಹೆಚ್ಚು ಬೆಳೆಸಬೇಕಾಗಿಲ್ಲ, ವೈದ್ಯರು ದಿನಾ ಹೇಳುತ್ತಾರೆ. ಒಂದು ಅಧ್ಯಯನ ಸಾಕು: ಅಮೆರಿಕದಲ್ಲಿ 55,137 ವಯಸ್ಕರನ್ನು ಸರಾಸರಿ 15 ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಓಡುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸಾಯುವ ಸಂಭವ ಓಡದವರಿಗಿಂತ ಶೇ. 45ರಷ್ಟು ಕಡಿಮೆಯಿತ್ತು. ದಿನಕ್ಕೆ ಐದರಿಂದ ಹತ್ತು ನಿಮಿಷ ನಿಧಾನವಾಗಿ ಓಡಿದವರಲ್ಲೂ ಅಂತರ ಸ್ಪಷ್ಟವಾಗಿ ಕಂಡಿತು. ಓಡುವವರು ಬೇರೆ ವಿಷಯಗಳಲ್ಲೂ ಆರೋಗ್ಯವಂತರಾಗಿರಬಹುದು ಎಂಬ ಆಕ್ಷೇಪ ಇದ್ದೇ ಇದೆ. ಹಾಗೆಂದು ಹತ್ತು ನಿಮಿಷ ಉಳಿಸಿಕೊಂಡು ಸಾಧಿಸುವುದಾದರೂ ಏನು?

ಅಭ್ಯಾಸ ಮೈಗೂಡಲು ಎಷ್ಟು ದಿನ ಬೇಕು ಎಂಬ ಪ್ರಶ್ನೆ ಇದಕ್ಕಿಂತ ರೋಚಕ. ಇಪ್ಪತ್ತೊಂದು ದಿನ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ, 2009ರಲ್ಲಿ ಫಲಿತಾಂಶ ಹೊರತಂದರು. ಒಂದು ಹೊಸ ಕೆಲಸ ತಾನಾಗಿ ನಡೆಯುವ ಅಭ್ಯಾಸವಾಗಲು ಸರಾಸರಿ 66 ದಿನ. ಕೆಲವರಿಗೆ 18 ದಿನ ಸಾಕಾದರೆ, ನಿಧಾನದವರಿಗೆ 254 ದಿನ ಬೇಕಾಗಬಹುದು ಎಂಬ ಅಂದಾಜು. ತಿಂಡಿಯ ಜೊತೆ ಹಣ್ಣು ತಿನ್ನುವಂಥ ಸುಲಭದ ಕೆಲಸಕ್ಕಿಂತ ವ್ಯಾಯಾಮಕ್ಕೆ ಹೆಚ್ಚು ದಿನ ಹಿಡಿಯಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ, ಅದು ಸುದ್ದಿಯಾಗಲೇ ಇಲ್ಲ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ.

ಹಳ್ಳಿಯ ಬದುಕಿಗೆ ಈ ಎರಡನೆಯ ಮಾತು ಮುಖ್ಯ. ನಾಟಿಯ ದಿನ ಓಡಲು ಆಗುವುದಿಲ್ಲ. ರಾತ್ರಿ ಕರೆಂಟು ಕೊಟ್ಟು ಪಂಪ್‌ಸೆಟ್ಟಿನ ಮುಂದೆ ಕೂರಿಸಿದ ಮರುದಿನ ಏಳಲು ಆಗುವುದಿಲ್ಲ. ಹಬ್ಬ, ತಿಥಿ, ಜಾತ್ರೆ, ಮನೆಯಲ್ಲಿ ಕಾಯಿಲೆ. "ಒಂದ್ಸಲ ತಪ್ತು, ಇನ್ನು ಮುಗೀತು ಬಿಡು" ಎಂದು ಕೈಬಿಡುವವರೇ ಹೆಚ್ಚು. ಅವರನ್ನು ಕೆಡಿಸಿದ್ದು ತಪ್ಪಿದ ಆ ಒಂದು ದಿನವಲ್ಲ, ಒಂದು ದಿನವೂ ತಪ್ಪಬಾರದೆಂಬ ಹಟ. ಮೂರನೆಯ ದಿನ ನಾಚಿಕೆ ಬಿಟ್ಟು ಮತ್ತೆ ನಾಲೆ ಏರಿ ಹತ್ತಿದವನನ್ನು ಛಲವಂತ ಎಂದು ಕರೆಯಲು ಯಾವ ಅಡ್ಡಿಯೂ ಇಲ್ಲ.

ಸುಖಕ್ಕಾಗಿ ಓಡುವವರನ್ನು ಕಣ್ಣಾರೆ ನೋಡಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಓಟಗಾರರ ಬಳಗ 'ರನ್ನರ್ಸ್ ಫಾರ್ ಲೈಫ್' 2007ರಲ್ಲಿ ಆರಂಭಿಸಿದ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುವುದು ಶ್ರೀರಂಗಪಟ್ಟಣದ ಬಳಿ, ರಂಗನತಿಟ್ಟಿನ ಸುತ್ತಮುತ್ತ, ನಾಲೆಯ ಪಕ್ಕದ ಮಣ್ಣಿನ ಹಾದಿಯಲ್ಲಿ. ಹತ್ತು ಕಿಲೋಮೀಟರ್, ಹಾಫ್, ಫುಲ್ ಎಂಬ ಮೂರು ಓಟಗಳು. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತ, ಕಬ್ಬು. ಡಾಂಬರಿಗಿಂತ ಮಣ್ಣು ಕಾಲಿಗೆ ಹಿತ. ಆದರೆ ಬಿಸಿಲೇರಿದ ಮೇಲೆ ನೆರಳಿಲ್ಲದ ಏರಿಯ ಮೇಲೆ 42 ಕಿಲೋಮೀಟರ್ ಮುಗಿಸುವುದು ಹುಡುಗಾಟವಲ್ಲ. ಎಷ್ಟೋ ವರ್ಷಗಳಿಂದ ಇದೇ ನಾಲೆಯಲ್ಲಿ ಎಮ್ಮೆ ಮೈ ತೊಳೆಯುತ್ತಿರುವವರಿಗೆ, ದುಡ್ಡು ಕೊಟ್ಟು ಬಂದು ಬೆವರು ಸುರಿಸುವ ಈ ಮಂದಿ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಹಾದಿ ಮಾತ್ರ ಊರಿನವರದೇ, ವರ್ಷವಿಡೀ ತೆರೆದೇ ಇರುತ್ತದೆ, ಪ್ರವೇಶ ಶುಲ್ಕವಿಲ್ಲ.

ದೂರದ ಓಟ ಪೇಟೆಯವರ ಷೋಕಿ ಎಂಬ ಭಾವನೆಯೂ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಮ್ಯಾರಥಾನ್ ಗೆದ್ದ ಸ್ಪಿರಿಡಾನ್ ಲೂಯಿಸ್ ನೀರು ಹೊತ್ತು ಮಾರುತ್ತಿದ್ದ ಹಳ್ಳಿಗ. ನಮ್ಮ ದೇಶದ ಕಥೆಯೂ ಹೀಗೆಯೇ. ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡಿದ ರೈತರ ಮಕ್ಕಳನ್ನು ಕಂಡು ಉದ್ಯಮಿ ದೊರಾಬ್ಜಿ ಟಾಟಾ ಬೆರಗಾದರು. ಇವರು ಒಲಿಂಪಿಕ್ಸ್‌ಗೆ ಹೋಗಬೇಕು ಎಂದು ಪಟ್ಟುಹಿಡಿದರು. ಹಾಗೆ 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ಗೆ ಹೋದವರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಒಬ್ಬರು. ಆ ವರ್ಷದ ಮ್ಯಾರಥಾನ್ ಈಗಿನದಕ್ಕಿಂತ ಉದ್ದ, 42.75 ಕಿಲೋಮೀಟರ್. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಇಂದು ಕಾರ್ಬನ್ ತಟ್ಟೆಯ ಷೂ ಹಾಕಿ, ಮೈಲಿಗೊಂದು ಜೆಲ್ ನುಂಗಿ ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನೂರು ವರ್ಷದ ಹಿಂದೆ ಬೆಳಗಾವಿಯವರೊಬ್ಬರು ಇನ್ನೂ ಹೆಚ್ಚು ದೂರವನ್ನು ಮೂರು ಗಂಟೆಯೊಳಗೆ ಓಡಿದ್ದು ಕನ್ನಡ ಪಠ್ಯಪುಸ್ತಕಗಳಲ್ಲಿ ಇರಬೇಕಾಗಿತ್ತು.

ವಯಸ್ಸಾಯಿತು ಎನ್ನುವವರಿಗೆ ಫೌಜಾ ಸಿಂಗ್ ಇದ್ದಾರೆ. ಪಂಜಾಬಿನ ಜಲಂಧರ್ ಬಳಿಯ ಹಳ್ಳಿಯ ರೈತ. ಕಣ್ಣೆದುರೇ ಮಗ ಸತ್ತ ದುಃಖದಿಂದ ಹೊರಬರಲು, ಇಂಗ್ಲೆಂಡಿನಲ್ಲಿದ್ದ ಇನ್ನೊಬ್ಬ ಮಗನ ಮನೆ ಸೇರಿ ಓಡಲು ಶುರುಮಾಡಿದರು. ಮೊದಲ ಲಂಡನ್ ಮ್ಯಾರಥಾನ್ ಓಡಿದಾಗ 2000ನೇ ಇಸವಿ, ಅವರಿಗೆ 89 ವರ್ಷ. 2011ರಲ್ಲಿ, ಪಾಸ್‌ಪೋರ್ಟಿನ ಲೆಕ್ಕದಂತೆ ನೂರು ತುಂಬಿದ ಮೇಲೆ, ಟೊರಾಂಟೊದಲ್ಲಿ ಎಂಟು ಗಂಟೆ ಚಿಲ್ಲರೆಯಲ್ಲಿ ಇನ್ನೊಂದು ಮುಗಿಸಿದರು. ಜನನ ಪ್ರಮಾಣಪತ್ರ ಇಲ್ಲವೆಂದು ಗಿನ್ನೆಸ್‌ನವರು ದಾಖಲೆ ಕೊಡಲಿಲ್ಲ. ನಮ್ಮ ಊರುಗಳ ಎಷ್ಟು ಅಜ್ಜಂದಿರ ಬಳಿ ಜನನ ಪ್ರಮಾಣಪತ್ರವಿದೆ? 2025ರ ಜುಲೈ 14ರಂದು ಸ್ವಂತ ಊರಿನ ಬಳಿ ರಸ್ತೆ ದಾಟುವಾಗ ವಾಹನ ಬಡಿದು ಅವರು ತೀರಿಕೊಂಡರು.

ಇಲ್ಲಿ ರಸ್ತೆಯ ಮಾತು ಬರಲೇಬೇಕು. ಕಬ್ಬು ಅರೆಯುವ ಕಾಲದಲ್ಲಿ ಮಬ್ಬುಗತ್ತಲಲ್ಲಿ ಹಿಂದಿನ ದೀಪವಿಲ್ಲದ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಬರುತ್ತವೆ. ನಾಲೆ ಏರಿ ಶಾಂತವಾಗಿ ಕಂಡರೂ ಎಲ್ಲ ಕಡೆ ತಡೆಗೋಡೆಯಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ 30 ಜನ ಸತ್ತದ್ದನ್ನು ಈ ಭಾಗದವರು ಮರೆತಿಲ್ಲ. ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕುವುದೂ ಇಲ್ಲಿ ಕಟ್ಟುಕಥೆಯಲ್ಲ. ಆದ್ದರಿಂದ ಒಬ್ಬರೇ ಓಡಬಾರದು, ತಿಳಿ ಬಣ್ಣದ ಬಟ್ಟೆ ಹಾಕಬೇಕು, ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಬೇಕು, ಕಿವಿಯಲ್ಲಿ ಇಯರ್‌ಫೋನ್ ಇರಬಾರದು. ನಾಗಮಂಗಲದ ಮಳೆಯಾಶ್ರಿತ ಹೊಲಗಳ ನಡುವಿನ ಬಂಡಿಜಾಡು, ತೊಣ್ಣೂರು ಕೆರೆಯ ಏರಿ, ಕೆ.ಆರ್. ಪೇಟೆಯ ಕಡೆಯ ಹೇಮಾವತಿ ನಾಲೆ, ಶ್ರೀರಂಗಪಟ್ಟಣದ ಕೋಟೆಯೊಳಗಿನ ಬೀದಿಗಳು ಬೆಳಕು ಹರಿದ ಮೇಲೆ ಹೆದ್ದಾರಿಗಿಂತ ಎಷ್ಟೋ ವಾಸಿ.

ಹೆಣ್ಣುಮಕ್ಕಳಿಗೆ ಈ ಭಯದ ಮೇಲೆ ಇನ್ನೊಂದು ಭಯ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಡಿದ ಹೆಂಗಸರು ದಣಿದದ್ದನ್ನೇ ದೊಡ್ಡದು ಮಾಡಿ, 1960ರವರೆಗೆ ಆ ಓಟವನ್ನೇ ಕೈಬಿಟ್ಟರು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಬಂದದ್ದು 1984ರಲ್ಲಿ. ಜಗತ್ತೇ ಇಷ್ಟು ತಡಮಾಡಿರುವಾಗ ಪೊಲೀಸ್ ಪರೀಕ್ಷೆಯಲ್ಲಿ ಹೆಂಗಸರಿಗೆ 400 ಮೀಟರ್ ಮಾತ್ರ ಇಟ್ಟದ್ದು ವಿಶೇಷವಲ್ಲ, ಆದರೂ ಅದು ಕಡಿಮೆಯಾಯಿತು. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಎರಡು ಮೈಲಿ ಬರುವ ಹೆಂಗಸಿನ ದಮ್ಮಿನ ಬಗ್ಗೆ ಅನುಮಾನ ಬೇಡ. ಅವಳಿಗೆ ಬೇಕಾದದ್ದು ಯಾರೂ ನಿಂತು ನೋಡದ, ಯಾರೂ ಮೊಬೈಲ್ ಎತ್ತದ ಒಂದು ಜಾಗ.

ಅಂಥ ಜಾಗ ಪ್ರತಿ ಹೋಬಳಿಯಲ್ಲೂ ಇದೆ. ಸರ್ಕಾರಿ ಶಾಲೆಯ ಗ್ರೌಂಡು. ಬೆಳಗಿನ ಹೊತ್ತು ಹೆಚ್ಚಿನವುಗಳ ಗೇಟಿಗೆ ಬೀಗ. ಈ ಸಭೆಯಲ್ಲಿ ಎಸ್‌ಡಿಎಂಸಿ ಸದಸ್ಯರು, ಮುಖ್ಯೋಪಾಧ್ಯಾಯರು, ಗ್ರಾಮ ಪಂಚಾಯಿತಿಯವರು ಇದ್ದರೆ ಅವರಲ್ಲಿ ಒಂದು ಮನವಿ: ಬೆಳಿಗ್ಗೆ ಐದರಿಂದ ಏಳರವರೆಗೆ ಆ ಬೀಗ ತೆಗೆಸಿ, ಕಂಬಕ್ಕೊಂದು ದೀಪ ಹಾಕಿಸಿ, ವಾರದಲ್ಲಿ ಮೂರು ದಿನವಾದರೂ ಆ ಹೊತ್ತನ್ನು ಹೆಣ್ಣುಮಕ್ಕಳಿಗೆಂದೇ ಬಿಟ್ಟುಕೊಡಿ. ಪೊಲೀಸ್ ಆದ ಊರಿನ ಹುಡುಗರು ರಜೆಗೆ ಬಂದಾಗ ಅಲ್ಲಿಗೆ ಬಂದು, ಚಿಕ್ಕವರಿಗೆ ಮೊದಲ ರೌಂಡನ್ನು ನಿಧಾನವಾಗಿ ಓಡುವುದನ್ನು ಹೇಳಿಕೊಡಲಿ. ಅವರ ಜೊತೆ ನೀವೂ ಒಂದು ರೌಂಡು ಬನ್ನಿ.